ಹಣ್ಣಿನ ರುಚಿ ತಿಂದವರಿಗೆ ಗೊತ್ತು

ಜೆರುಸಲೇಮಿನ ಮಹಾಯಾಜಕನ ಮನೆಯಂಗಳ, ಚಳಿಯ ರಾತ್ರಿ. ಆಳುಗಳೂ ಕಾವಲಿನವರೂ ಇದ್ದಿಲ ಬೆಂಕಿ ಹಾಕಿಕೊಂಡು ಮೈ ಕಾಯಿಸುತ್ತ ನಿಂತಿದ್ದಾರೆ. ಒಳಗೆ ಯೇಸುವಿನ ವಿಚಾರಣೆ ನಡೆದಿದೆ. ಹೊರಗೆ ಬೆಂಕಿಯ ಸುತ್ತಲಿನ ಗುಂಪಿನಲ್ಲಿ ಆತನ ಶಿಷ್ಯ ಪೇತ್ರನೂ ಸೇರಿಕೊಂಡಿದ್ದಾನೆ. ಮನೆಗೆಲಸದ ಹೆಣ್ಣೊಬ್ಬಳು ಅವನನ್ನು ನೋಡಿ, ಇವನೂ ಆ ಯೇಸುವಿನ ಕಡೆಯವನೇ ಎನ್ನುತ್ತಾಳೆ. ಪೇತ್ರ ಇಲ್ಲವೆನ್ನುತ್ತಾನೆ. ಮತ್ತೊಬ್ಬಳೂ ಅದನ್ನೇ ಹೇಳಿದಾಗ ಆಣೆಯಿಟ್ಟು ಇಲ್ಲವೆನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಸುತ್ತ ನಿಂತವರು ಹೊಸದೊಂದು ಪುರಾವೆ ಮುಂದಿಡುತ್ತಾರೆ: ಅವನ ಮಾತಿನ ಧಾಟಿ. ಪೇತ್ರ ಉತ್ತರದ ಗಲಿಲಾಯ ಸೀಮೆಯ ಮೀನುಗಾರ; ಬಾಯಿ ತೆರೆದರೆ ಸಾಕು, ಅವನ ಸೀಮೆ ಯಾವುದೆಂದು ಜೆರುಸಲೇಮಿನವರಿಗೆ ತಿಳಿಯುತ್ತಿತ್ತು. ಎರಡು ಮಾತು ಕೇಳುವಷ್ಟರಲ್ಲಿ ಇವರು ಧಾರವಾಡದ ಕಡೆಯವರು, ಇವರು ಕುಂದಾಪುರದವರು ಎಂದು ನಾವು ಗುರುತು ಹಿಡಿಯುತ್ತೇವಲ್ಲ, ಹಾಗೆ. ಪೇತ್ರ ತನಗೇ ಶಾಪ ಹಾಕಿಕೊಂಡು ಮೂರನೆಯ ಸಲವೂ ಅಲ್ಲಗಳೆಯುತ್ತಾನೆ. ಅಷ್ಟರಲ್ಲಿ ಕೋಳಿ ಕೂಗುತ್ತದೆ. ಅವನು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅಳುತ್ತಾನೆ.

ಸುವಾರ್ತೆಗಳು ಹೇಳುವ ಈ ಪ್ರಸಂಗದಲ್ಲಿ ಒಂದು ಸೋಜಿಗವಿದೆ. ಪೇತ್ರ ಎಚ್ಚರದಿಂದ ಆಡಿದ ಮಾತು ಸುಳ್ಳಾಗಿತ್ತು. ಅವನ ಹಿಡಿತಕ್ಕೆ ಸಿಗದ ಉಚ್ಚಾರ ಮಾತ್ರ ನಿಜ ಹೇಳಿಬಿಟ್ಟಿತು. ಮನುಷ್ಯನ ಒಳಗು ಹೊರಗೆ ಕಾಣಿಸಿಕೊಳ್ಳುವ ಬಗೆಯ ಬಗ್ಗೆ ಕ್ರೈಸ್ತ ಧರ್ಮ ಹೇಳುವುದರ ಸಾರಾಂಶವೇ ಆ ಅಂಗಳದಲ್ಲಿದೆ ಎನ್ನಬಹುದು. ಮಾತು ಮತ್ತು ಕೃತಿ ಅಂತರಂಗದ ಕನ್ನಡಿ ಎಂಬುದು ಎಲ್ಲ ಧರ್ಮಗಳಿಗೂ ಒಪ್ಪಿಗೆಯಾಗುವ ವಿಚಾರ. ಕನ್ನಡಿಗರಿಗಂತೂ ಇದನ್ನು ಹೇಳಿಕೊಡಬೇಕಾಗಿಲ್ಲ. ‘ನಡೆನುಡಿ’ ಎಂದು ಎರಡನ್ನೂ ಒಂದೇ ಪದವಾಗಿ ಹೊಸೆದಿಟ್ಟುಕೊಂಡ ಭಾಷೆ ನಮ್ಮದು. ಆದರೆ ಕ್ರೈಸ್ತ ಪರಂಪರೆ ಇಲ್ಲಿಗೆ ನಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎಂಥ ಮಾತು, ಎಂಥ ಕೃತಿ ಎಂದು ಕೇಳುತ್ತದೆ. ಅದು ಕೊಡುವ ಉತ್ತರ ಸ್ವಲ್ಪ ಮುಜುಗರ ತರುವಂಥದ್ದು: ನಾವು ತೂಗಿ ಆಡಿದ ಮಾತಿಗಿಂತ ತೂಗದೆ ಆಡಿದ್ದು, ಲೆಕ್ಕವಿಟ್ಟು ಮಾಡಿದ ಉಪಕಾರಕ್ಕಿಂತ ಲೆಕ್ಕಕ್ಕೇ ಬಾರದೆ ಮಾಡಿದ್ದು ನಮ್ಮನ್ನು ಹೆಚ್ಚು ಬಯಲು ಮಾಡುತ್ತದೆ. ಅದರ ಸಾಕ್ಷಿ ಹೇಳುವ ಹಕ್ಕೂ ನಮಗಿಲ್ಲ. ನಮ್ಮ ನಡೆನುಡಿಯನ್ನು ಉಂಡವರು, ಅದರಲ್ಲೂ ನಮಗೆ ಎದುರಾಡಲಾಗದವರು, ಆ ಸಾಕ್ಷಿ ಹೇಳಬೇಕು.

ಹೃದಯದಲ್ಲಿ ತುಂಬಿ ತುಳುಕುವುದೇ ಬಾಯಿಯಿಂದ ಹೊರಬೀಳುತ್ತದೆ ಎಂಬರ್ಥದ ಯೇಸುವಿನ ಮಾತು ಎಷ್ಟು ಪ್ರಸಿದ್ಧವೋ ಅದನ್ನು ಆಡಿದ ಸಂದರ್ಭ ಅಷ್ಟು ಪ್ರಸಿದ್ಧವಲ್ಲ. ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಕಣ್ಣೂ ಕಾಣದ, ಮಾತೂ ಬಾರದ ಒಬ್ಬನನ್ನು ಯೇಸುವಿನ ಬಳಿ ಕರೆತರುತ್ತಾರೆ. ಅವನು ವಾಸಿಯಾಗಿ ನೋಡತೊಡಗುತ್ತಾನೆ, ಮಾತಾಡತೊಡಗುತ್ತಾನೆ. ಜನ ಬೆರಗಾಗುತ್ತಾರೆ. ಅಲ್ಲಿದ್ದ ಧರ್ಮನಿಷ್ಠ ಫರಿಸಾಯರು ಮಾತ್ರ, ಇದು ದೆವ್ವಗಳ ಒಡೆಯನ ಬಲದಿಂದ ನಡೆದ ಕೆಲಸ ಎಂದು ಷರಾ ಬರೆದುಬಿಡುತ್ತಾರೆ. ಹುಟ್ಟಾ ಮಾತು ಬಲ್ಲವರು ತಮ್ಮ ನಾಲಿಗೆಯನ್ನು ಬಳಸಿದ್ದು ಹೀಗೆ. ಅದೂ ಒಬ್ಬ ಮೂಕನಿಗೆ ಮಾತು ಬಂದ ಗಳಿಗೆಯಲ್ಲಿ. ಮರ ಮತ್ತು ಹಣ್ಣಿನ ಹೋಲಿಕೆ, ಬಾಯಿ ಮತ್ತು ಹೃದಯದ ನಂಟು, ಆಡಿದ ಪ್ರತಿಯೊಂದು ಹಾಳುಮಾತಿಗೂ ನ್ಯಾಯತೀರ್ಪಿನ ದಿನ ಲೆಕ್ಕ ಕೊಡಬೇಕಾದೀತು ಎಂಬ ಎಚ್ಚರಿಕೆ, ಇವೆಲ್ಲ ಬರುವುದು ಈ ಷರಾಕ್ಕೆ ಉತ್ತರವಾಗಿ. ಅಂದರೆ ಅಲ್ಲಿ ಪರೀಕ್ಷೆಗೆ ಒಳಗಾದದ್ದು ಅವರ ಪ್ರಾರ್ಥನೆಯಲ್ಲ, ಪ್ರವಚನವೂ ಅಲ್ಲ. ಇನ್ನೊಬ್ಬನಿಗೆ ಒಳ್ಳೆಯದಾದಾಗ ಬಾಯಿಂದ ತಟ್ಟನೆ ಹೊರಟ ಪ್ರತಿಕ್ರಿಯೆ.

‘ಹಾಳುಮಾತು’ ಎಂದು ಇಲ್ಲಿ ಹೇಳಿದ ಜಾಗದಲ್ಲಿ ಮೂಲ ಗ್ರೀಕಿನಲ್ಲಿರುವ ಪದ ‘ಆರ್ಗೋನ್’. ಕೆಲಸ ಎಂಬರ್ಥದ ‘ಎರ್ಗೋನ್’ಗೆ ನಿಷೇಧ ಸೇರಿ ಆದದ್ದು, ಕೆಲಸವಿಲ್ಲದ್ದು, ದುಡಿಯದೆ ಬಿದ್ದಿರುವುದು ಎಂದು ಅರ್ಥ. ಯಾವ ಉದ್ದೇಶಕ್ಕೂ ನೇಮಿಸದೆ, ಕಾವಲಿಲ್ಲದೆ ಹೊರಬಂದ ಮಾತು ಎನ್ನಬಹುದು. ಅದಕ್ಕೇ ಅದು ನಂಬಲರ್ಹ ಸಾಕ್ಷಿ. ವೇದಿಕೆಯ ಮೇಲೆ ಆಡುವ ಮಾತಿಗೆ ನಾವು ಬಟ್ಟೆ ತೊಡಿಸಿರುತ್ತೇವೆ. ಚಹಾ ಚೆಲ್ಲಿದ ಹುಡುಗನಿಗೆ ಬೈದ ಮಾತು, ಪಕ್ಕದ ಮನೆಯವರಿಗೆ ಬಡ್ತಿ ಬಂತೆಂದು ಕೇಳಿದ ಕ್ಷಣ ತುಟಿಯಿಂದ ಜಾರಿದ ಮಾತು, ಇಂಥವಕ್ಕೆ ಬಟ್ಟೆ ತೊಡಿಸಲು ಸಮಯವಿರುವುದಿಲ್ಲ. ಇಲ್ಲಿ ‘ಹೃದಯ’ ಎಂಬ ಪದವನ್ನೂ ಸರಿಯಾಗಿ ತಿಳಿಯಬೇಕು. ಇಂದಿನ ಸಿನಿಮಾ ಹಾಡುಗಳಲ್ಲಿ ಹೃದಯ ಎಂದರೆ ಬರೀ ಭಾವನೆ. ಬೈಬಲ್ಲಿನ ಹೀಬ್ರೂ ಭಾಷೆಯ ‘ಲೇವ್’ ಹಾಗಲ್ಲ. ಯೋಚಿಸುವುದು, ನಿರ್ಧರಿಸುವುದು, ಬಯಸುವುದು ಎಲ್ಲ ನಡೆಯುವ ಒಳಮನೆ ಅದು. ಹಾಗಾಗಿ ಯಾರೋ ಬಾಯಿ ತಪ್ಪಿ ಒರಟಾಗಿ ಆಡಿ, ಮನಸ್ಸಿನಲ್ಲಿ ಏನೂ ಇಲ್ಲ ಬಿಡಿ ಎಂದರೆ, ಯೇಸುವಿನ ತರ್ಕ ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ಒಳಗೆ ಇಲ್ಲದ್ದು ಹೊರಗೆ ಬಂದೀತು ಹೇಗೆ?

ಮಾತಿನ ಬಗ್ಗೆ ಈ ಧರ್ಮದ ನಿಷ್ಠುರತೆ ಎಷ್ಟೆಂದರೆ, ಪರ್ವತ ಪ್ರಸಂಗವೆಂಬ ಪ್ರವಚನದಲ್ಲಿ ಯೇಸು ಆಣೆಯಿಡುವುದನ್ನೇ ಬೇಡವೆನ್ನುತ್ತಾನೆ. ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ, ಅಷ್ಟು ಸಾಕು. ಆಣೆ ಬೇಕಾಗುತ್ತದೆ ಎಂದರೆ ಆಣೆಯಿಲ್ಲದ ನಮ್ಮ ದಿನನಿತ್ಯದ ಮಾತಿಗೆ ಬೆಲೆ ಇಲ್ಲವೆಂದು ನಾವೇ ಒಪ್ಪಿಕೊಂಡಂತೆ. ಅಂಗಳದಲ್ಲಿ ಪೇತ್ರನ ಸುಳ್ಳು ಆಣೆಯ ಊರುಗೋಲು ಹಿಡಿದೇ ನಿಂತಿತ್ತೆಂಬುದನ್ನು ನೆನೆದರೆ ಈ ನಿಷೇಧದ ಮರ್ಮ ತಿಳಿಯುತ್ತದೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮೊದಲಾದವರು ಕಟ್ಟಿದ ಕ್ವೇಕರ್ ಪಂಗಡ ಇದನ್ನು ಅಕ್ಷರಶಃ ಪಾಲಿಸಿತು. ನ್ಯಾಯಾಲಯದಲ್ಲಿ ಪ್ರಮಾಣ ಮಾಡುವುದಿಲ್ಲವೆಂದು ಹಟ ಹಿಡಿದು ಅವರಲ್ಲಿ ಅನೇಕರು ಸೆರೆಮನೆ ಕಂಡರು. ಕೊನೆಗೆ 1696ರಲ್ಲಿ ಇಂಗ್ಲೆಂಡಿನ ಸಂಸತ್ತು ಅವರಿಗೆ ಪ್ರಮಾಣದ ಬದಲು ದೃಢೀಕರಣ ಹೇಳಲು ಕಾನೂನಿನ ಅವಕಾಶ ಕೊಟ್ಟಿತು. ನಮ್ಮ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಮಂತ್ರಿಗಳೂ ನ್ಯಾಯಾಧೀಶರೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು ಅಥವಾ ದೃಢೀಕರಿಸಬಹುದು ಎಂದು ಎರಡು ದಾರಿ ಇವೆಯಲ್ಲ, ಆ ಎರಡನೆಯ ದಾರಿಯ ಬೇರುಗಳಲ್ಲಿ ಒಂದು ಈ ಹಟಮಾರಿಗಳ ಸೆರೆಮನೆಯಲ್ಲಿದೆ.

ಮಾತಿನಿಂದ ಕೃತಿಗೆ ಬಂದರೆ ಎದುರಾಗುವುದು ಹಣ್ಣಿನ ಹೋಲಿಕೆ. ಮುಳ್ಳುಗಿಡದಲ್ಲಿ ದ್ರಾಕ್ಷಿ ಬಿಡುವುದಿಲ್ಲ, ಹಾಗೆಯೇ ಮನುಷ್ಯ ಯಾರೆಂಬುದು ಅವನ ಫಲದಿಂದ ತಿಳಿಯುತ್ತದೆ ಎಂಬುದು ಯೇಸುವಿನ ಬೋಧೆ. ತೋಟ ಮಾಡಿದವರಿಗೆ ಈ ಹೋಲಿಕೆಯ ಆಳ ಬೇಗ ಹೊಳೆಯುತ್ತದೆ. ಹಣ್ಣಿಗೆ ಕಾಲ ಬೇಕು. ಸಸಿ ನೆಟ್ಟ ವಾರಕ್ಕೆ ಮಾವಿನ ಜಾತಿ ಹೇಳಲಾಗದು. ಹಣ್ಣನ್ನು ಹೊರಗಿನಿಂದ ತಂದು ರೆಂಬೆಗೆ ಕಟ್ಟಿದರೆ ಎರಡು ದಿನ ಚೆನ್ನಾಗಿ ಕಂಡು ಮೂರನೆಯ ದಿನ ಕೊಳೆಯುತ್ತದೆ. ಬೇರಿನಿಂದ ರಸ ಏರಿ ಬಂದದ್ದೇ ಉಳಿಯುವುದು. ಆದಿ ಕ್ರೈಸ್ತ ಸಭೆಯ ಬೋಧಕ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಕೆಟ್ಟ ನಡತೆಗಳನ್ನು ‘ಕೆಲಸಗಳು’ ಎಂದು ಬಹುವಚನದಲ್ಲಿ ಪಟ್ಟಿ ಮಾಡುತ್ತಾನೆ. ಪ್ರೀತಿ, ಸಹನೆ, ದಯೆ, ಆತ್ಮಸಂಯಮ ಮೊದಲಾದ ಒಂಬತ್ತು ಸದ್ಗುಣಗಳಿಗೆ ಬಂದಾಗ ಮಾತ್ರ ‘ಫಲ’ ಎಂದು ಏಕವಚನ ಬಳಸುತ್ತಾನೆ. ಒಂಬತ್ತೂ ಸೇರಿ ಒಂದೇ ಹಣ್ಣು. ಹೊರಗೆ ದಾನಶೂರ, ಮನೆಯೊಳಗೆ ಸಿಡುಕುಮೂತಿ ಎಂಬಂಥ ಹೊಂದಾಣಿಕೆಗೆ ಅಲ್ಲಿ ಎಡೆಯಿಲ್ಲ.

ಈ ಹೋಲಿಕೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಇದೆ. ಮರ ತನ್ನ ಹಣ್ಣನ್ನು ತಾನು ತಿನ್ನುವುದಿಲ್ಲ. ಅದರ ರುಚಿ ಗೊತ್ತಿರುವುದು ತಿಂದವರಿಗೆ. ಮತ್ತಾಯನ 25ನೇ ಅಧ್ಯಾಯದ ಅಂತಿಮ ತೀರ್ಪಿನ ಚಿತ್ರವನ್ನು ಈ ಕಣ್ಣಿನಿಂದ ಓದಬೇಕು. ಹಸಿದವರಿಗೆ ಉಣಿಸಿದವರು, ಸೆರೆಯಲ್ಲಿದ್ದವರನ್ನು ನೋಡಲು ಹೋದವರು ಒಂದು ಕಡೆ. ಹಾಗೆ ಮಾಡದವರು ಇನ್ನೊಂದು ಕಡೆ. ಕಥೆಯ ತಿರುವು ಇರುವುದು ಇಬ್ಬರೂ ಬೆಚ್ಚುವುದರಲ್ಲಿ. ಒಳ್ಳೆಯದು ಮಾಡಿದವರಿಗೆ ತಾವು ಮಾಡಿದ್ದು ನೆನಪಿಲ್ಲ. ಯಾವಾಗ ಮಾಡಿದೆವು ಎಂದು ಕೇಳುತ್ತಾರೆ. ಮಾಡದವರಿಗೂ ತಾವು ತಪ್ಪಿಸಿಕೊಂಡದ್ದು ನೆನಪಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಪರ್ವತ ಪ್ರಸಂಗದ ಸಲಹೆ ಇಲ್ಲಿ ಫಲಕ್ಕೆ ಬಂದಿದೆ. ಲೆಕ್ಕವಿಟ್ಟ ಪುಣ್ಯ ನಮ್ಮ ಜಾಣತನವನ್ನಷ್ಟೇ ತೋರಿಸೀತು. ಸ್ವಭಾವವೇ ಆಗಿಹೋದ ಒಳ್ಳೆಯತನಕ್ಕೆ ಖಾತೆ ಪುಸ್ತಕ ಇರುವುದಿಲ್ಲ. ಇನ್ನು ಮಾಡದೇ ಬಿಟ್ಟದ್ದೂ ನಡತೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದಕ್ಕೆ ಕ್ಯಾಥೊಲಿಕರ ಬಲಿಪೂಜೆಯೇ ಸಾಕ್ಷಿ. ಅದರ ಆರಂಭದಲ್ಲಿ ಎಲ್ಲರೂ ಸೇರಿ ಹೇಳುವ ಪಾಪನಿವೇದನೆಯಲ್ಲಿ ಯೋಚನೆ, ಮಾತು, ಕೃತಿಗಳ ಜೊತೆಗೆ ಕರ್ತವ್ಯಲೋಪವನ್ನೂ ಹೆಸರಿಸಿ ಕ್ಷಮೆ ಬೇಡುತ್ತಾರೆ.

ಇಲ್ಲಿಗೆ ಬಂದಾಗ ಮೊದಲ ಆಕ್ಷೇಪ ಏಳುತ್ತದೆ, ಅದೂ ಕ್ರೈಸ್ತರೊಳಗಿಂದಲೇ. ಮನುಷ್ಯ ಉದ್ಧಾರವಾಗುವುದು ದೇವರ ಕೃಪೆಯಿಂದ, ನಂಬಿಕೆಯ ಮೂಲಕ ಎಂಬುದು ಪೌಲನ ಬೋಧೆಯ ತಿರುಳು. ಹಾಗಿದ್ದರೆ ಕೃತಿಗೆ ಇಷ್ಟು ತೂಕ ಏಕೆ? ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯ ಜರ್ಮನ್ ಅನುವಾದ ಪ್ರಕಟಿಸಿದಾಗ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ವಾದಿಸುವ ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ ಎಂದು ಮುನ್ನುಡಿಯಲ್ಲಿ ಹಗುರ ಮಾಡಿದ್ದು ನಿಜ. ಆದರೆ ಅದೇ ಲೂಥರ್ ರೋಮಾಪುರದವರಿಗೆ ಬರೆದ ಪತ್ರದ ಮುನ್ನುಡಿಯಲ್ಲಿ, ಬೆಂಕಿಯಿಂದ ಶಾಖವನ್ನೂ ಬೆಳಕನ್ನೂ ಹೇಗೆ ಬೇರ್ಪಡಿಸಲಾಗದೋ ಹಾಗೆ ನಂಬಿಕೆಯಿಂದ ಸತ್ಕ್ರಿಯೆಯನ್ನು ಬೇರ್ಪಡಿಸಲಾಗದು ಎಂಬರ್ಥದಲ್ಲಿ ಬರೆದ. ಜಗಳ ಇದ್ದದ್ದು ಕೃತಿ ಬೇಕೇ ಬೇಡವೇ ಎಂಬುದರ ಮೇಲಲ್ಲ. ಕೃತಿ ಬೇರೋ ಹಣ್ಣೋ ಎಂಬುದರ ಮೇಲೆ. ಸುಮಾರು ಐದು ಶತಮಾನದ ಈ ವ್ಯಾಜ್ಯದ ಕುರಿತು 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದ; ಸತ್ಕ್ರಿಯೆ ಆ ಕೃಪೆಯ ಫಲ ಎಂದು ಎರಡೂ ಕಡೆಯವರು ಒಪ್ಪಿದರು. ಮೆಥಡಿಸ್ಟರು 2006ರಲ್ಲಿ ಅದಕ್ಕೆ ದನಿಗೂಡಿಸಿದರು.

ಈ ಒಪ್ಪಂದದ ಸಾರ ಲೂಕನ ಸುವಾರ್ತೆಯ ಒಂದು ಕಥೆಯಲ್ಲಿ ಆಗಲೇ ಇತ್ತು. ಜಕ್ಕಾಯ ಎಂಬವನು ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ದುಡ್ಡಿನ ಕುಳ, ಗಿಡ್ಡ ಆಳು. ಜನಸಂದಣಿಯಲ್ಲಿ ಯೇಸುವನ್ನು ನೋಡಲಾಗದೆ ಅತ್ತಿಯ ಜಾತಿಯ ಮರವೊಂದನ್ನು ಏರಿ ಕೂತ. ಯೇಸು ಅವನನ್ನು ಹೆಸರು ಹಿಡಿದು ಕೂಗಿ, ಈ ದಿನ ನಿನ್ನ ಮನೆಯಲ್ಲೇ ಬಿಡಾರ ಎಂದ. ಊರವರು ಗೊಣಗಿದರು. ಜಕ್ಕಾಯ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆಂದೂ, ಯಾರಿಂದಲಾದರೂ ಮೋಸದಿಂದ ಕಿತ್ತಿದ್ದರೆ ಅದರ ನಾಲ್ಕು ಪಟ್ಟು ಹಿಂದಿರುಗಿಸುವುದಾಗಿಯೂ ಹೇಳಿದ. ಮೋಸವನ್ನು ಒಪ್ಪಿಕೊಂಡವನು ಮೂಲದ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಬೈಬಲ್ಲಿನ ಅರಣ್ಯಕಾಂಡದ ನಿಯಮ. ನಾಲ್ಕು ಪಟ್ಟು ಎಂಬುದು ಕುರಿ ಕದ್ದು ಕೊಂದವನಿಗೋ ಮಾರಿದವನಿಗೋ ವಿಮೋಚನಕಾಂಡ ವಿಧಿಸಿದ ದಂಡ. ಅಂದರೆ ಜಕ್ಕಾಯ ತನ್ನ ಸುಂಕ ವಸೂಲಿಯನ್ನು ತಾನೇ ಕಳ್ಳತನದ ತಕ್ಕಡಿಯಲ್ಲಿಟ್ಟು ತೂಗಿದ. ಕಥೆಯ ಅನುಕ್ರಮ ನೋಡಿ: ಕರೆ ಮೊದಲು ಬಂತು, ಕೊಡುವ ಮಾತು ಆಮೇಲೆ. ಕೊಟ್ಟದ್ದರಿಂದ ಅವನಿಗೆ ಆ ಕರೆ ಸಿಗಲಿಲ್ಲ; ಆದರೆ ಕರೆ ಒಳಗೆ ಇಳಿಯಿತೆಂಬುದು ಗೊತ್ತಾದದ್ದು ಹಣದ ಚೀಲ ಬಿಚ್ಚಿದಾಗ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಮಾತನ್ನೂ ಕೃತಿಯನ್ನೂ ನಟಿಸಬಹುದಲ್ಲ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಗುವ ನಮಗೆ ಈ ಅನುಮಾನ ಹೊಸದಲ್ಲ. ಹೊರಗೆ ಕೆಂಪಗೆ ಮಿನುಗುವ ಅತ್ತಿಹಣ್ಣನ್ನು ಬಿಡಿಸಿದರೆ ಹುಳು. ಸುವಾರ್ತೆಗಳೂ ಈ ಅನುಮಾನವನ್ನು ಮುಚ್ಚಿಡುವುದಿಲ್ಲ. ಸುಣ್ಣ ಬಳಿದ ಸಮಾಧಿ, ಕುರಿಯ ತೊಗಲು ಹೊದ್ದ ತೋಳ ಎಂಬ ರೂಪಕಗಳು ಅಲ್ಲಿಯವೇ. ಯೂದ ತನ್ನ ಗುರುವನ್ನು ಶತ್ರುಗಳಿಗೆ ತೋರಿಸಿಕೊಟ್ಟದ್ದು ಮುತ್ತಿಟ್ಟು. ಹೊರಗಿನ ಕ್ರಿಯೆಯನ್ನಷ್ಟೇ ನೋಡಿದರೆ ಅದಕ್ಕಿಂತ ಪ್ರೀತಿಯ ಕೃತಿ ಇರಲಾರದು. ಈ ಸಮಸ್ಯೆಯನ್ನು ಬಹಳ ಶಿಸ್ತಿನಿಂದ ಬಿಡಿಸಲು ಕೂತವನು ಅಮೆರಿಕದ ಮ್ಯಾಸಚೂಸೆಟ್ಸ್‌ನ ಪಾದ್ರಿ ಜೊನಾಥನ್ ಎಡ್ವರ್ಡ್ಸ್. 1730 ಮತ್ತು 40ರ ದಶಕದಲ್ಲಿ ಅಲ್ಲಿ ಭಕ್ತಿಯ ದೊಡ್ಡ ಅಲೆ ಎದ್ದಿತ್ತು. ಪ್ರವಚನ ಕೇಳುತ್ತ ಜನ ಅಳುತ್ತಿದ್ದರು, ಕೂಗುತ್ತಿದ್ದರು, ಮೂರ್ಛೆ ಹೋಗುತ್ತಿದ್ದರು. ಇದರಲ್ಲಿ ಅಸಲಿ ಯಾವುದು? 1746ರಲ್ಲಿ ಪ್ರಕಟವಾದ ‘ರಿಲಿಜಿಯಸ್ ಅಫೆಕ್ಷನ್ಸ್’ ಗ್ರಂಥದಲ್ಲಿ ಎಡ್ವರ್ಡ್ಸ್ ಮೊದಲು ಹನ್ನೆರಡು ಲಕ್ಷಣಗಳನ್ನು ಪಟ್ಟಿ ಮಾಡಿ, ಇವುಗಳಿಂದ ಹೌದೆಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು ಎಂದ. ಭಾವಾವೇಶ, ಮೈನಡುಕ, ನಿರರ್ಗಳವಾದ ಭಕ್ತಿಯ ಮಾತು ಎಲ್ಲ ಆ ಪಟ್ಟಿಗೆ ಹೋದವು. ಆಮೇಲೆ ನಂಬಬಹುದಾದ ಹನ್ನೆರಡನ್ನು ಕೊಟ್ಟ. ಅವುಗಳಲ್ಲಿ ಕೊನೆಯದು, ಅವನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಬದುಕಿನುದ್ದಕ್ಕೂ ಬಿಡದೆ ನಡೆಯುವ ಆಚರಣೆ. ಒಂದು ಸಂಜೆ ನಟಿಸುವುದು ಸುಲಭ. ಮೂವತ್ತು ವರ್ಷ, ನಷ್ಟವಾದಾಗಲೂ, ಯಾರೂ ನೋಡದಾಗಲೂ ನಟಿಸುವುದು ಕಷ್ಟ.

ಆದರೆ ಎಡ್ವರ್ಡ್ಸ್‌ನ ಬದುಕೇ ಅವನ ಗ್ರಂಥಕ್ಕೆ ಕಠಿಣ ಪ್ರಶ್ನೆ ಹಾಕುತ್ತದೆ. 1731ರಲ್ಲಿ ನ್ಯೂಪೋರ್ಟ್ ಬಂದರಿನಲ್ಲಿ ಅವನು ಗುಲಾಮಳೊಬ್ಬಳನ್ನು ಕೊಂಡ ರಸೀದಿ ಉಳಿದುಕೊಂಡಿದೆ. ಹೆಸರು ವೀನಸ್, ವಯಸ್ಸು ಸುಮಾರು 14, ಬೆಲೆ 80 ಪೌಂಡ್. ನಿಜಭಕ್ತಿಯ ಪರೀಕ್ಷೆ ರೂಪಿಸಿದವನ ಕಣ್ಣಿಗೆ ಆ ಪರೀಕ್ಷೆಯ ಒಂದು ಪ್ರಶ್ನೆ ಕಾಣಲೇ ಇಲ್ಲ. ಇಂಗ್ಲೆಂಡಿನ ಜಾನ್ ನ್ಯೂಟನ್‌ನದು ಇದಕ್ಕಿಂತ ಉದ್ದದ ಕಥೆ. 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ ಜೀವಭಯದಲ್ಲಿ ದೇವರ ಕಡೆ ತಿರುಗಿದ ಈ ನಾವಿಕ, ಆ ಮೇಲೆಯೇ 1750ರಿಂದ 1754ರವರೆಗೆ ಗುಲಾಮರ ಹಡಗಿನ ಕಪ್ತಾನನಾಗಿ ಮೂರು ಯಾನ ಮಾಡಿದ. ಮೇಲಿನ ಅಟ್ಟದಲ್ಲಿ ನಾವಿಕರೊಂದಿಗೆ ಪ್ರಾರ್ಥನೆ, ಕೆಳಗೆ ಸಂಕೋಲೆಯಲ್ಲಿ ಮನುಷ್ಯರು. ಹಡಗಿನ ಕೆಲಸ ಬಿಟ್ಟದ್ದು ಕಾಯಿಲೆಯಿಂದ. ಮುಂದೆ 1764ರಲ್ಲಿ ಪಾದ್ರಿಯಾದ. ಜಗತ್ತೇ ಹಾಡುವ ‘ಅಮೇಜಿಂಗ್ ಗ್ರೇಸ್’ ಬರೆದ. ಗುಲಾಮ ವ್ಯಾಪಾರದ ವಿರುದ್ಧ ಅವನ ಕಿರುಹೊತ್ತಗೆ ಹೊರಬಂದದ್ದು 1788ರಲ್ಲಿ, ಹಡಗು ಬಿಟ್ಟ 34 ವರ್ಷಕ್ಕೆ. ಅದರಲ್ಲಿ ಅವನು ತನ್ನ ತಪ್ಪೊಪ್ಪಿಗೆ ತಡವಾಯಿತೆಂದು ನಾಚಿಕೊಂಡ. ಕೆಳಗಿನ ಅಟ್ಟದಲ್ಲಿ ಜನರನ್ನು ಕಪಾಟಿನ ಪುಸ್ತಕಗಳಂತೆ ಒತ್ತೊತ್ತಾಗಿ ಮಲಗಿಸುತ್ತಿದ್ದುದನ್ನು ಕಣ್ಣಿಗೆ ಕಟ್ಟುವಂತೆ ಬರೆದ. 1790ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದ. ಗುಲಾಮ ವ್ಯಾಪಾರ ನಿಷೇಧದ ಕಾನೂನು ಬಂದ 1807ರಲ್ಲೇ ತೀರಿಕೊಂಡ.

ಇವರಿಬ್ಬರನ್ನೂ ಕಪಟಿಗಳು ಎಂದು ತಳ್ಳಿಹಾಕಿದರೆ ಕೆಲಸ ಸುಲಭವಾದೀತು, ಸತ್ಯ ದೊರೆಯದು. ಅವರ ಭಕ್ತಿ ನಟನೆಯಾಗಿರಲಿಲ್ಲ. ಹಾಗೆಂದು ಕಾಲವೇ ಹಾಗಿತ್ತು ಎಂದು ತೇಲಿಸುವುದೂ ಸರಿಯಲ್ಲ. ಕ್ವೇಕರರಲ್ಲಿ ಕೆಲವರು 1688ರಷ್ಟು ಹಿಂದೆಯೇ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ಗುಲಾಮಗಿರಿಯ ವಿರುದ್ಧ ಲಿಖಿತ ಪ್ರತಿಭಟನೆ ದಾಖಲಿಸಿದ್ದರು. ನಿಜವಾದ ಪಾಠ ಬೇರೆ. ಅಂತರಂಗದಲ್ಲಿ ಬೆಳಕು ಬಿದ್ದ ಕೋಣೆಗಳೂ ಇರುತ್ತವೆ, ಬೀಗ ಹಾಕಿದ ಕೋಣೆಗಳೂ ಇರುತ್ತವೆ. ನ್ಯೂಟನ್ ತನ್ನ ಆತ್ಮವನ್ನು ದಿನವೂ ಶೋಧಿಸುತ್ತಿದ್ದ. ಆದರೆ ಶೋಧಿಸಿದ್ದು ತನ್ನ ಭಾವನೆಗಳನ್ನು. ಕೆಳಗಿನ ಅಟ್ಟಕ್ಕೆ ಹೋಗಿ, ನಾನು ಎಂಥವನು ಎಂದು ಕೇಳಿದ್ದರೆ ಆ 34 ವರ್ಷ ಬೇಕಾಗುತ್ತಿರಲಿಲ್ಲ. ಎಡ್ವರ್ಡ್ಸ್‌ನ ಹನ್ನೆರಡು ಲಕ್ಷಣಗಳ ಪಟ್ಟಿಯಲ್ಲಿ ಇಲ್ಲದ ಹದಿಮೂರನೆಯದು ಇದು ಎನಿಸುತ್ತದೆ: ಹಣ್ಣಿನ ಪರೀಕ್ಷೆಯನ್ನು ಮರಕ್ಕೆ ಒಪ್ಪಿಸಬಾರದು. ರಸೀದಿಯಲ್ಲಿ ವೀನಸ್‌ಳ ಹೆಸರಿದೆ, ವಯಸ್ಸಿದೆ, ಬೆಲೆಯಿದೆ. ಅವಳ ಮಾತಿಲ್ಲ.

ಮೂರನೆಯ ಆಕ್ಷೇಪ: ತೀರ್ಪು ಮಾಡಬೇಡಿ ಎಂದು ಹೇಳಿದವನೂ ಯೇಸುವೇ ತಾನೆ? ಹೌದು, ಮತ್ತು ಅದು ಫಲದಿಂದ ಗುರುತಿಸಿ ಎಂದ ಮತ್ತಾಯನ ಅದೇ 7ನೇ ಅಧ್ಯಾಯದಲ್ಲೇ ಇದೆ. ಎರಡನ್ನೂ ಒಟ್ಟಿಗೆ ಓದಿದರೆ ಗೊಂದಲ ಕರಗುತ್ತದೆ. ಮೊದಲನೆಯದು ನೆರೆಯವನ ಕಣ್ಣಿನ ಕಸ ಹುಡುಕುತ್ತ ತನ್ನ ಕಣ್ಣಿನ ತೊಲೆ ಮರೆಯುವವನಿಗೆ ಹೇಳಿದ್ದು. ಎರಡನೆಯದು ಹಿಂಡನ್ನು ನುಂಗಲು ಬಂದ ಸುಳ್ಳು ಪ್ರವಾದಿಗಳ ಬಗ್ಗೆ. ಸಭೆಯ ಇತಿಹಾಸದಲ್ಲಿ ಈ ಎರಡು ಸೂಚನೆಗಳ ತಕ್ಕಡಿ ಆಗಾಗ ವಾಲಿದೆ. ರೋಮ್ ಸಾಮ್ರಾಜ್ಯದಲ್ಲಿ 303ರಲ್ಲಿ ಕ್ರೈಸ್ತರ ಮೇಲೆ ಶುರುವಾದ ಹಿಂಸಾಚಾರದ ಕಾಲದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿ ಜೀವ ಉಳಿಸಿಕೊಂಡ ಗುರುಗಳು ಕೊಟ್ಟ ಸಂಸ್ಕಾರ ನಡೆಯದು ಎಂದು ಉತ್ತರ ಆಫ್ರಿಕಾದ ಡೊನಾಟಿಸ್ಟರು ವಾದಿಸಿದರು. ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನ್, ಸಂಸ್ಕಾರದ ಬಲ ಕೊಡುವವನ ಚಾರಿತ್ರ್ಯದ್ದಲ್ಲ, ಕ್ರಿಸ್ತನದ್ದು; ಗೋಧಿಯೂ ಕಳೆಯೂ ಸುಗ್ಗಿಯವರೆಗೆ ಒಟ್ಟಿಗೆ ಬೆಳೆಯಲಿ ಎಂದು ಉತ್ತರಿಸಿದ. 411ರ ಕಾರ್ತೇಜ್ ಸಮಾವೇಶದಲ್ಲಿ ಅವನ ಪಕ್ಷ ಗೆದ್ದಿತು. ಒಬ್ಬ ಗುರುವಿನ ದೌರ್ಬಲ್ಯಕ್ಕೆ ಇಡೀ ಊರಿನ ಭಕ್ತರು ದಂಡ ತೆರಬಾರದೆಂಬ ಕರುಣೆ ಅದರಲ್ಲಿದೆ. ಆದರೆ ಇದೇ ಉದಾರತೆ ಮುಂದೆ ತಪ್ಪಿತಸ್ಥರ ಅಡಗುತಾಣವೂ ಆಗಬಲ್ಲದು. 2002ರಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯೊಂದು ಕ್ಯಾಥೊಲಿಕ್ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ, ಸಭೆ ಮುಚ್ಚಿಟ್ಟಿದ್ದ ಲೈಂಗಿಕ ದೌರ್ಜನ್ಯದ ಪ್ರಕರಣಗಳನ್ನು ಬಯಲಿಗೆಳೆದಾಗ ಜಗತ್ತು ಕಂಡದ್ದು ಅದನ್ನೇ. ಇಂಥ ದೂರುಗಳನ್ನು ತಿಳಿದ ಪಾದ್ರಿಗಳು ಮೇಲಿನವರಿಗೆ ವರದಿ ಮಾಡಲೇಬೇಕೆಂಬ ನಿಯಮವನ್ನು ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದರು. ನನಗೆ ತೋರುವಂತೆ ಗಡಿ ಸ್ಪಷ್ಟವಿದೆ: ಇನ್ನೊಬ್ಬನ ಆತ್ಮದ ಕೊನೆಯ ತೀರ್ಪು ನಮ್ಮದಲ್ಲ, ಆದರೆ ಅವನ ಹಣ್ಣು ತಿಂದು ಯಾರಿಗೋ ವಿಷವೇರುತ್ತಿದ್ದರೆ ಸುಮ್ಮನಿರುವ ಹಕ್ಕೂ ನಮಗಿಲ್ಲ.

ಕೊನೆಯ ಆಕ್ಷೇಪ ಸೂಕ್ಷ್ಮವಾದದ್ದು. ಆಡಿದ ಮಾತೊಂದೇ ಸಾಕ್ಷಿಯೆಂದರೆ ಅನ್ಯಾಯವಾಗದೇ? ನಾಜಿ ಆಡಳಿತವನ್ನು ಎದುರಿಸಿದ ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದಕ್ಕೆ ಹೊಂದುವ ಉದಾಹರಣೆ ಕೊಡುತ್ತಾನೆ. ಮೇಷ್ಟರು ಇಡೀ ತರಗತಿಯ ಮುಂದೆ ಒಂದು ಮಗುವನ್ನು ಎಬ್ಬಿಸಿ, ನಿನ್ನಪ್ಪ ಕುಡಿದು ಮನೆಗೆ ಬರುವುದು ನಿಜವೇ ಎಂದು ಕೇಳುತ್ತಾರೆ. ನಿಜ. ಆದರೂ ಮಗು ಇಲ್ಲವೆನ್ನುತ್ತದೆ. ಸುಳ್ಳು ಹೇಳಿದ್ದು ಯಾರು? ಮನೆಯ ಮರ್ಯಾದೆಗೆ ಕೈ ಹಾಕುವ ಹಕ್ಕಿಲ್ಲದ ಮೇಷ್ಟರ ಪ್ರಶ್ನೆಯೇ ತಪ್ಪು. ಆ ಮಗುವಿನ ಇಲ್ಲವೆಂಬ ಮಾತಿನಲ್ಲಿ ಹೆಚ್ಚಿನ ಸತ್ಯವಿದೆ ಎಂಬುದು ಬಾನ್‌ಹಾಫರನ ತರ್ಕ. ಮಹಾಯಾಜಕನ ಅಂಗಳದಲ್ಲಿ ಪೇತ್ರ ಆಡಿದ ‘ಇಲ್ಲ’ ಮತ್ತು ತರಗತಿಯಲ್ಲಿ ಮಗು ಆಡಿದ ‘ಇಲ್ಲ’ ಅಕ್ಷರದಲ್ಲಿ ಒಂದೇ. ಪೇತ್ರನದು ತನ್ನನ್ನು ಉಳಿಸಿಕೊಳ್ಳಲು ಗುರುವನ್ನು ಬಿಟ್ಟುಕೊಟ್ಟ ಮಾತು, ಮಗುವಿನದು ಅಪ್ಪನನ್ನು ಬಿಟ್ಟುಕೊಡದ ಮಾತು. ಹಾಗಾಗಿ ಮಾತನ್ನು ಓದುವಾಗ ಅದರ ಸತ್ಯಾಸತ್ಯದ ಜೊತೆ ಅದು ಯಾರನ್ನು ಕಾಯುತ್ತಿದೆ, ಯಾರನ್ನು ಕೊಡುತ್ತಿದೆ ಎಂದೂ ನೋಡಬೇಕು. ಕೃತಿಯ ವಿಷಯದಲ್ಲೂ ಹಾಗೆಯೇ. ಯೇಸು ಹೇಳಿದ ಸಮಾರ್ಯದವನ ಕಥೆಯಲ್ಲಿ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡೂ ಯಾಜಕ ದಾಟಿಹೋದ, ದೇವಾಲಯದ ಸೇವಕನಾದ ಲೇವಿಯನೂ ದಾಟಿಹೋದ. ಪರಜಾತಿ, ಪರಧರ್ಮದವನೆಂದು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ನಿಂತ. ಒಳ್ಳೆಯ ಹಣ್ಣು ತನ್ನ ತೋಟದಲ್ಲಷ್ಟೇ ಬಿಡುತ್ತದೆಂದು ಹೇಳುವ ಕ್ರೈಸ್ತನಿಗೂ ಆ ಕಥೆಯೇ ಉತ್ತರ.

ಪೇತ್ರನ ಕಥೆ ಕೋಳಿ ಕೂಗಿದಲ್ಲಿಗೆ ಮುಗಿಯಲಿಲ್ಲ. ಯೋಹಾನನ ಸುವಾರ್ತೆಯ ಕೊನೆಯಲ್ಲಿ, ಪುನರುತ್ಥಾನದ ಮೇಲೆ, ಬೆಳಗಿನ ಜಾವ ಸರೋವರದ ದಂಡೆಯಲ್ಲಿ ಮತ್ತೊಂದು ಇದ್ದಿಲ ಬೆಂಕಿ ಕಾಣಿಸುತ್ತದೆ. ಮೂಲ ಗ್ರೀಕಿನ ಹೊಸ ಒಡಂಬಡಿಕೆಯಲ್ಲಿ ಇದ್ದಿಲ ಬೆಂಕಿ ಎಂಬ ಆ ಪದ ಬರುವುದು ಎರಡೇ ಕಡೆ: ಪೇತ್ರ ಅಲ್ಲಗಳೆದ ಅಂಗಳದಲ್ಲಿ, ಮತ್ತು ಇಲ್ಲಿ. ಬೆಂಕಿಯ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಊಟವಾದ ಮೇಲೆ ಯೇಸು ಅವನನ್ನು ಮೂರು ಸಲ ಒಂದೇ ಪ್ರಶ್ನೆ ಕೇಳುತ್ತಾನೆ: ನನ್ನ ಮೇಲೆ ಪ್ರೀತಿ ಇದೆಯೇ? ಮೂರು ಸಲವೂ ಪೇತ್ರ ಹೌದೆನ್ನುತ್ತಾನೆ. ಯೇಸು ಆ ಹೌದನ್ನು ಹೊಗಳುವುದಿಲ್ಲ, ಅನುಮಾನಿಸುವುದೂ ಇಲ್ಲ. ಪ್ರತಿ ಸಲವೂ ಒಂದೊಂದು ಕೆಲಸ ಒಪ್ಪಿಸುತ್ತಾನೆ: ಕುರಿಗಳನ್ನು ಮೇಯಿಸು, ಕಾಯಿ. ಪ್ರೀತಿಯ ಮಾತು ನಿಜವೋ ಎಂದು ಇನ್ನು ಮುಂದೆ ಹೇಳಬೇಕಾದವರು ಆ ಕುರಿಗಳು.

ಇದರಿಂದ ಸಾಮಾನ್ಯ ಓದುಗರಿಗೆ, ಕ್ರೈಸ್ತರಾಗಿರಲಿ ಇಲ್ಲದಿರಲಿ, ಸಿಗುವ ಉಪಾಯ ಬಹಳ ಸರಳವಾದದ್ದು. ನಾನು ಎಂಥ ಮನುಷ್ಯ ಎಂಬ ಪ್ರಶ್ನೆಯನ್ನು ಕನ್ನಡಿಗೆ ಕೇಳಬೇಡಿ, ಗೆಳೆಯರಿಗೂ ಕೇಳಬೇಡಿ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರು, ನಿಮ್ಮ ಕಚೇರಿಯಲ್ಲಿ ಕಸ ಗುಡಿಸುವವರು, ನಿಮ್ಮ ಸಿಟ್ಟಿಗೆ ಎದುರು ಹೇಳಲಾಗದ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು, ಇವರಲ್ಲಿ ಒಬ್ಬರು ನಿಮ್ಮ ಬಗ್ಗೆ ನೀವಿಲ್ಲದಾಗ ಏನು ಹೇಳುತ್ತಾರೆ ಎಂದು ಯೋಚಿಸಿ. ಉತ್ತರ ಹಿತವೆನಿಸದಿದ್ದರೆ ಜಕ್ಕಾಯನ ದಾರಿ ಇದೆ: ಕಿತ್ತುಕೊಂಡದ್ದನ್ನು ಈ ಹೊತ್ತೇ ಹಿಂದಿರುಗಿಸಲು ಶುರು ಮಾಡಿ, ಸಾಧ್ಯವಾದರೆ ತುಸು ಹೆಚ್ಚೇ.